ಬೆಳ್ಳಿತೆರೆಯ ಮೇಲೆ ಎರಡು ಕರಡಿಗಳ ಕೆಳೆತನ

ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಪರ್ವತಸೀಮೆಯಲ್ಲಿ, 1885ನೆಯ ಇಸವಿಯಲ್ಲಿ, ಬಂಡೆಗಳ ಸಂದಿನ ಜೇನಿಗಾಗಿ ನೆಲ ಕೆದಕುತ್ತಿದ್ದ ತಾಯಿ ಕರಡಿಯೊಂದು ಮೇಲಿನಿಂದ ಉರುಳಿಬಿದ್ದ ಕಲ್ಲುಗಳ ಅಡಿಯಲ್ಲಿ ಸಿಕ್ಕಿ ಪ್ರಾಣ ಬಿಡುತ್ತದೆ. ಅನಾಥವಾದ ಮರಿಯು ಹಸಿವಿನಿಂದಲೂ ಭಯದಿಂದಲೂ ಕಂಗೆಟ್ಟು ಅಲೆಯುತ್ತಿರುವಾಗ, ಬೇಟೆಗಾರರ ಗುಂಡು ತಗಲಿ ಭುಜದಲ್ಲಿ ರಕ್ತ ಸುರಿಸುತ್ತ ಕೆಸರುನೀರಿನಲ್ಲಿ ಮೈ ತಂಪು ಮಾಡಿಕೊಳ್ಳುತ್ತಿರುವ ಒಂದು ಮಹಾಕಾಯದ ಗಂಡು ಕರಡಿ ಅದರ ಕಣ್ಣಿಗೆ ಬೀಳುತ್ತದೆ. ಮರಿ ಹತ್ತಿರ ಸರಿಯುತ್ತದೆ. ಹಿರಿಯ ಕರಡಿ ಗದರಿಸಿ ಅಟ್ಟುತ್ತದೆ. ಮರಿ ಮತ್ತೆ ಬಂದು, ಹೆದರಿ ಹೆದರಿ, ಆ ಗಾಯವನ್ನು ನಾಲಗೆಯಿಂದ ನೆಕ್ಕತೊಡಗುತ್ತದೆ. ಹಿರಿಯದು ಸುಮ್ಮನಾಗಿ, ಸ್ವಲ್ಪ ಹೊತ್ತಿನ ಮೇಲೆ ತಾನೂ ಮರಿಯ ಮೈಯನ್ನು ನೆಕ್ಕುತ್ತದೆ. ಮುಂದಿನ ಕಥೆಯೆಲ್ಲವೂ ಈ ಒಂದು ಕ್ಷಣದಿಂದ ಹೊರಟುದು. ಫ್ರೆಂಚ್ ನಿರ್ದೇಶಕ ಜಾಂ ಜಾಕ್ ಆನೋ 1988ರಲ್ಲಿ ತೆರೆಗೆ ತಂದ ‘ಲೂರ್ಸ್’, ಅರ್ಥಾತ್ ‘ಕರಡಿ’ ಎಂಬ ಈ ಚಿತ್ರವನ್ನು ಫ್ರಾನ್ಸ್ ದೇಶವೊಂದರಲ್ಲಿಯೇ 90 ಲಕ್ಷಕ್ಕೂ ಮಿಕ್ಕ ಪ್ರೇಕ್ಷಕರು, ಮಕ್ಕಳನ್ನು ಕೈಹಿಡಿದು ಕರೆತಂದು, ನೋಡಿದರು.

ಮೃಗಗಳ ಮೈತ್ರಿಯ ಕಥೆ ನಮಗೆ ಅಪರಿಚಿತವಾದುದಲ್ಲ. 1031ರ ಸುಮಾರಿಗೆ ಚಾಲುಕ್ಯ ಜಗದೇಕಮಲ್ಲನ ಆಸ್ಥಾನದಲ್ಲಿದ್ದ ದುರ್ಗಸಿಂಹನು ಕನ್ನಡಿಸಿದ ಪಂಚತಂತ್ರದಲ್ಲಿ ಸಿಂಹವೂ ಎತ್ತೂ ಸ್ನೇಹ ಬೆಳೆಸಿ ನರಿಯ ಕುತಂತ್ರಕ್ಕೆ ಬಲಿಯಾದುದನ್ನು ನಮ್ಮ ಹಿರಿಯರು ಓದಿದ್ದರು, ಕೇಳಿದ್ದರು. ಆದರೆ ಆ ಮೃಗಗಳು ಮಾತನಾಡುತ್ತವೆ, ನೀತಿಶಾಸ್ತ್ರವನ್ನು ಬಲ್ಲವು, ರಾಜ್ಯಭಾರದ ಮರ್ಮಗಳನ್ನು ಚರ್ಚಿಸುತ್ತವೆ. ಮಾತು ಬಂದ ಮೇಲೆ ಸ್ನೇಹವೂ ಬಂದೀತೆಂದು ಒಪ್ಪಿಕೊಳ್ಳುವುದು ಓದುಗನಿಗೆ ಕಷ್ಟವಾಗುವುದಿಲ್ಲ. ಆನೋವಿನ ಚಿತ್ರದಲ್ಲಿಯಾದರೋ ಕರಡಿಗಳಿಗೆ ಮಾತಿಲ್ಲ. ಮನುಷ್ಯರಿಗೂ ಹತ್ತಾರು ವಾಕ್ಯಗಳಿಗಿಂತ ಹೆಚ್ಚಿನ ಸಂಭಾಷಣೆಯಿಲ್ಲ. ಉಸಿರು, ಗುರುಗುಟ್ಟುವಿಕೆ, ಮೂಸುವಿಕೆ, ನಡಿಗೆ ಇವಿಷ್ಟರಿಂದಲೇ ಎರಡು ಕಾಡುಮೃಗಗಳ ನಡುವಣ ವಾತ್ಸಲ್ಯವನ್ನು ಒಂದೂವರೆ ಗಂಟೆಯ ಕಾಲ ನಂಬಿಸಬೇಕಾಗಿದ್ದಿತು. ಅದನ್ನು ನಂಬಿಸಿದ ವಿದ್ಯೆ ಯಾವುದು, ಆ ವಿದ್ಯೆ ಎಲ್ಲೆಲ್ಲಿ ಹುಟ್ಟಿ, ಯಾವ ಯಾವ ಪಾಪಗಳನ್ನು ದಾಟಿ ಇಲ್ಲಿಗೆ ಬಂದಿತು ಎಂಬುದನ್ನು ಅರಿಯುವುದು ಆ ಚಿತ್ರವನ್ನು ಮೆಚ್ಚಿದ ನಮಗೆಲ್ಲ ಕರ್ತವ್ಯವೇ ಆಗಿದೆಯೆಂದು ನಾನು ಭಾವಿಸುತ್ತೇನೆ.

ಕರ್ತವ್ಯವೆಂದೆನೇಕೆ? ಕಾಡಿನ ನಿಯಮ ಆ ಚಿತ್ರದ ಕಥೆಗೆ ನೇರವಾಗಿ ವಿರುದ್ಧವಾದುದು. ಕಂದು ಕರಡಿಗಳ ಕುಲದಲ್ಲಿ ಮರಿಗಳನ್ನು ಎರಡು ಮೂರು ವರ್ಷ ಜೊತೆಯಲ್ಲಿಟ್ಟುಕೊಂಡು ಸಾಕುವವಳು ತಾಯಿಯೊಬ್ಬಳೇ. ಗಂಡಿಗೆ ಆ ಸಂಸಾರದಲ್ಲಿ ಪಾಲಿಲ್ಲ. ಅಷ್ಟೇ ಅಲ್ಲ, ತನ್ನದಲ್ಲದ ಮರಿಯನ್ನು ಕಂಡ ಗಂಡು ಕರಡಿ ಅದನ್ನು ಕೊಲ್ಲುವುದುಂಟು, ತಿನ್ನುವುದೂ ಉಂಟು. ಮರಿಯನ್ನು ಕಳೆದುಕೊಂಡ ಹೆಣ್ಣು ಬೇಗನೆ ಬೆದೆಗೆ ಬರುತ್ತದೆಯಾದುದರಿಂದ ಪ್ರಕೃತಿ ಈ ಕ್ರೌರ್ಯಕ್ಕೆ ತನ್ನದೇ ಆದ ಲೆಕ್ಕವನ್ನಿಟ್ಟಿದೆ. ಆ ಕಾರಣದಿಂದಲೇ ತಾಯಿ ಕರಡಿಗಳು ಗಂಡುಗಳು ಸುಳಿಯುವ ಒಳ್ಳೆಯ ಮೇವಿನ ತಾಣಗಳನ್ನು ಸಹ ಬಿಟ್ಟು, ಕಡಿದಾದ ಬಡ ನೆಲಗಳಲ್ಲಿ ಮರಿಗಳನ್ನು ಬೆಳೆಸುತ್ತವೆ. ಹೀಗಿರಲು ಒಂದು ಗಂಡು ಕರಡಿ ಒಂದು ಮರಿಯನ್ನು ನೆಕ್ಕಿತೆಂದರೆ ಅದು ಕಾಡಿನ ವೃತ್ತಾಂತವಾಗಲಾರದು. ಅದು ಮನುಷ್ಯನ ಕೈಯ ಕೆಲಸ. ಮೃಗವನ್ನು ಪಳಗಿಸುವ ಒಂದು ಹಳೆಯ ಕಸುಬು, ಅದರ ಕಟ್ಟಕಡೆಯ ಮತ್ತು ಅತ್ಯಂತ ಸುಕುಮಾರವಾದ ರೂಪದಲ್ಲಿ, ಅಲ್ಲಿ ನಮ್ಮ ಮುಂದೆ ನಿಂತಿದೆ.

ಈ ಕಸುಬಿನ ಪೂರ್ವಚರಿತ್ರೆಯನ್ನು ಕೆದಕಿದರೆ ಮೊದಲು ಕೈಗೆ ಬರುವುದು ಹಗ್ಗ. ಫ್ರಾನ್ಸಿನ ದಕ್ಷಿಣದಲ್ಲಿ, ಪಿರೆನೀಸ್ ಪರ್ವತಗಳ ಮಡಿಲಲ್ಲಿ, ಆರಿಯೆಜ್ ಪ್ರಾಂತದ ಎರ್ಸೆ ಎಂಬ ಗ್ರಾಮವಿದೆ. ನೆಲ ಕಿರಿದಾಗಿ ಜನ ಹೆಚ್ಚಿದ ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕಣಿವೆಯ ಬಡವರು ಕರಡಿ ಆಡಿಸುವುದನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡು, ಊರೂರು ತಿರುಗಿ, ಕಡೆಗೆ ಸಮುದ್ರವನ್ನೇ ದಾಟಿ ಅಮೆರಿಕೆಯ ಬೀದಿಗಳವರೆಗೂ ಹೋದರು. ತಾಯಿಯನ್ನು ಕೊಂದು ಮರಿಯನ್ನು ತರುವುದು, ಮನೆಯಲ್ಲಿ ಮಕ್ಕಳ ಜೊತೆಗೆ ಹಾಲು ಕುಡಿಸಿ ಬೆಳೆಸುವುದು, ಬೆಳೆದ ಮೇಲೆ ಮೂಗು ಚುಚ್ಚಿ ಉಂಗುರ ತೊಡಿಸುವುದು, ಕೋಲಿನ ಸನ್ನೆಗೆ ನಿಲ್ಲುವುದನ್ನೂ ಕುಣಿಯುವುದನ್ನೂ ಕಲಿಸುವುದು, ಇದು ಅವರ ಪದ್ಧತಿ. ಸಾಕಿದ ತಾಯಂದಿರು ಆ ಮರಿಗಳನ್ನು ಪ್ರೀತಿಸಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಆದರೂ ಆ ಪ್ರೀತಿಯ ಕೊನೆಗೊಂದು ಉಂಗುರವಿತ್ತು ಎಂಬುದನ್ನು ಮರೆಯುವಂತಿಲ್ಲ. ಪಿರೆನೀಸ್‌ನ ಕರಡಿಗಳು ಬೇಟೆಯಿಂದಲೂ ಇಂತಹ ಅಪಹರಣದಿಂದಲೂ ಕ್ಷಯಿಸುತ್ತ ಬಂದುದರಿಂದ, 1996ರಲ್ಲಿ ದೂರದ ಸ್ಲೊವೇನಿಯಾದಿಂದ ಕರಡಿಗಳನ್ನು ತಂದು ಬಿಡಬೇಕಾಗಿ ಬಂದಿತು.

ನಮ್ಮ ನಾಡಿನ ಹಳ್ಳಿಗಳಲ್ಲಿ ಬಾಲ್ಯ ಕಳೆದ ಹಿರಿಯರಿಗೆ ಇದೇ ಕಸುಬಿನ ಮತ್ತೊಂದು ಶಾಖೆ ಚೆನ್ನಾಗಿ ಗೊತ್ತು. ಕರಡಿ ಆಡಿಸುವ ಪಂಗಡದವನಾದ ಖಲಂದರನು ಡಮರುಗ ಬಾರಿಸುತ್ತ ಕರಡಿಯನ್ನು ಹಿಡಿದು ಬೀದಿಗೆ ಬಂದರೆ, ತಾಯಂದಿರು ಮಕ್ಕಳನ್ನು ತಂದು ಅದರ ಬೆನ್ನ ಮೇಲೆ ಕೂರಿಸಿ ಇಳಿಸುವರು. ಮಗುವಿನ ಅಂಜಿಕೆ ಬಿಡುವುದೆಂದು ನಂಬಿಕೆ. ಅದರ ಕೂದಲನ್ನು ಕಾಸು ಕೊಟ್ಟು ಪಡೆದು ತಾಯಿತದೊಳಗಿಟ್ಟು ಕಟ್ಟುವರು. ಆ ಕರಿಯ ಮೂತಿಯ ಮೇಲೆ ಕಾದ ಕಬ್ಬಿಣದಿಂದ ಕೊರೆದ ತೂತು, ಅದರೊಳಗಿಂದ ಎಳೆದ ಒರಟು ಹಗ್ಗ, ಮೊಂಡಾಗಿಸಿದ ಹಲ್ಲು, ಇವುಗಳ ಕಡೆ ಯಾರ ದೃಷ್ಟಿಯೂ ಹೆಚ್ಚಾಗಿ ಹೋಗುತ್ತಿರಲಿಲ್ಲ. ಕುಣಿತವೆಂದು ನಾವು ಕಂಡುದು ಹಗ್ಗ ಜಗ್ಗಿದಾಗಿನ ನೋವಿಗೆ ಆ ಪ್ರಾಣಿ ಮೇಲೆದ್ದು ಕಾಲು ಬದಲಿಸುತ್ತಿದ್ದ ಪರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದನ್ನು ನಿಷೇಧಿಸಿದ ಮೇಲೆಯೂ, ಬೇರೆ ಜೀವನಮಾರ್ಗವಿಲ್ಲದ ಖಲಂದರರ ಕೈಯಿಂದ ಕರಡಿ ಬಿಡುಗಡೆಯಾಗಲು ಮೂರೂವರೆ ದಶಕಗಳು ಹಿಡಿದವು. ದೇಶದ ಕಡೆಯ ಕುಣಿಯುವ ಕರಡಿಯೆಂದು ಗುರುತಿಸಲ್ಪಟ್ಟ ‘ರಾಜು’ 2009ರ ಡಿಸೆಂಬರಿನಲ್ಲಿ ನಮ್ಮ ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರಕ್ಕೆ ಬಂದು ಸೇರಿತು.

ಹಗ್ಗಕ್ಕೆ ಪ್ರತಿಯಾಗಿ ಆಹಾರ, ಹೊಡೆತಕ್ಕೆ ಪ್ರತಿಯಾಗಿ ಸಹನೆ ಎಂಬ ಮಾರ್ಗವನ್ನು ಯೂರೋಪಿನಲ್ಲಿ ಪ್ರಸಿದ್ಧಿಗೆ ತಂದವನು ಹ್ಯಾಂಬರ್ಗಿನ ಕಾರ್ಲ್ ಹಾಗೆನ್‌ಬೆಕ್. ಪ್ರತಿಯೊಂದು ಮೃಗಕ್ಕೂ ತನ್ನದೇ ಆದ ಸ್ವಭಾವವುಂಟೆಂದು ಗಮನಿಸಿ, ಒಗ್ಗದವುಗಳನ್ನು ಬಿಟ್ಟು ಒಗ್ಗುವವುಗಳನ್ನು ಮಾತ್ರ ಆರಿಸಿ, ಮಾಂಸದ ತುಣುಕು ಕೊಟ್ಟು ಕಲಿಸುವ ಕ್ರಮವನ್ನು ಅವನು ರೂಢಿಸಿದನು. 1907ರಲ್ಲಿ ಸ್ಟೆಲಿಂಗೆನ್ನಿನಲ್ಲಿ ಕಂಬಿಗಳಿಲ್ಲದ, ಕಂದಕಗಳಿಂದ ಬೇರ್ಪಟ್ಟ ಮೃಗಾಲಯವನ್ನು ತೆರೆದನು. ಅದೇ ಹಾಗೆನ್‌ಬೆಕ್ ಜಗತ್ತಿನ ಅತಿ ದೊಡ್ಡ ಮೃಗವ್ಯಾಪಾರಿಗಳಲ್ಲೊಬ್ಬನಾಗಿದ್ದನೆಂಬುದೂ, ಅವನಿಗೆ ಮರಿಗಳನ್ನು ಒದಗಿಸುತ್ತಿದ್ದವರು ಮರಿಗಾಗಿ ತಾಯಿಯನ್ನು ಕೊಲ್ಲುತ್ತಿದ್ದರೆಂಬುದೂ ಸತ್ಯ. ಈ ಕಸುಬಿನ ಚರಿತ್ರೆಯಲ್ಲಿ ದಯೆ ಎಂದೂ ಒಂಟಿಯಾಗಿ ಬಂದುದಿಲ್ಲ.

ಇನ್ನು ಕಥೆಯ ಮೂಲಕ್ಕೆ ಬರೋಣ. ಆನೋ ಆರಿಸಿಕೊಂಡುದು ಜೇಮ್ಸ್ ಆಲಿವರ್ ಕರ್‌ವುಡ್ ಎಂಬ ಅಮೆರಿಕನ್ ಲೇಖಕನು 1916ರಲ್ಲಿ ಪ್ರಕಟಿಸಿದ ‘ದಿ ಗ್ರಿಜ್ಲಿ ಕಿಂಗ್’ ಎಂಬ ಕಾದಂಬರಿಯನ್ನು. ಮಿಷಿಗನ್ ಸಂಸ್ಥಾನದ ಒವಾಸೊ ಪಟ್ಟಣದಲ್ಲಿ 1878ರಲ್ಲಿ ಹುಟ್ಟಿದ ಕರ್‌ವುಡ್ ಬಹುಕಾಲ ಉತ್ಸಾಹದ ಬೇಟೆಗಾರನಾಗಿದ್ದು, ಅನಂತರ ಕೋವಿಯನ್ನು ಕೆಳಗಿಟ್ಟು ಕಾಡಿನ ಪರವಾಗಿ ವಾದಿಸಿದವನು. ಪುಸ್ತಕದ ಮುನ್ನುಡಿಯಲ್ಲಿ ತಾನು ಹಿಂದೆ ಮಾಡಿದ ಕೊಲೆಗಳನ್ನು ಒಪ್ಪಿಕೊಂಡವನು. ಅವನ ಕಾದಂಬರಿಯಲ್ಲಿ ಥಾರ್ ಎಂಬ ಹಿರಿಯ ಗ್ರಿಜ್ಲಿ ಕರಡಿಯೂ ಮುಸ್ಕ್ವಾ ಎಂಬ ಮರಿಯೂ ಜೊತೆಯಾಗುತ್ತವೆ. ನಿರಾಯುಧನಾಗಿ ಎದುರಿಗೆ ಸಿಕ್ಕಿದ ಬೇಟೆಗಾರನನ್ನು ಥಾರ್ ಕೊಲ್ಲದೆ ಬಿಟ್ಟುಹೋಗುತ್ತದೆ.

ಮೃಗಗಳಿಗೆ ಮನಸ್ಸನ್ನು ಆರೋಪಿಸುವ ಇಂತಹ ಕಥೆಗಳ ಮೇಲೆ ಅಮೆರಿಕೆಯಲ್ಲಿ ಆ ಶತಮಾನದ ಮೊದಲ ದಶಕದಲ್ಲಿಯೇ ದೊಡ್ಡದೊಂದು ವಾಗ್ವಾದ ನಡೆದುಹೋಗಿದ್ದಿತು. ಅರ್ನೆಸ್ಟ್ ಥಾಂಪ್ಸನ್ ಸೀಟನ್ 1900ರಲ್ಲಿ ಒಂದು ಗ್ರಿಜ್ಲಿಯ ಜೀವನಚರಿತ್ರೆಯನ್ನೇ ಬರೆದಿದ್ದನು. 1903ರಲ್ಲಿ ವೃದ್ಧ ಪ್ರಕೃತಿ ಲೇಖಕ ಜಾನ್ ಬರೋಸ್ ಇಂತಹವರೆಲ್ಲ ನಿಸರ್ಗವನ್ನು ಸುಳ್ಳಾಗಿಸುತ್ತಿದ್ದಾರೆಂದು ಉಗ್ರವಾಗಿ ಖಂಡಿಸಿದನು. 1907ರಲ್ಲಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸ್ವತಃ ಬರೋಸನ ಪಕ್ಷ ಹಿಡಿದು ಬಹಿರಂಗವಾಗಿ ಮಾತನಾಡಿದನು. 1902ರಲ್ಲಿ ಮಿಸಿಸಿಪಿಯ ಬೇಟೆಯೊಂದರಲ್ಲಿ ಮರಕ್ಕೆ ಕಟ್ಟಿದ್ದ ಕರಡಿಗೆ ಗುಂಡಿಕ್ಕಲು ನಿರಾಕರಿಸಿ, ಅದರಿಂದಾಗಿ ಮಕ್ಕಳ ಆಟಿಕೆಯ ಕರಡಿಗೆ ತನ್ನ ಹೆಸರನ್ನು ಕೊಟ್ಟವನೂ ಇದೇ ರೂಸ್‌ವೆಲ್ಟ್. ಬರೋಸನ ಆಕ್ಷೇಪಣೆ ನ್ಯಾಯವಾದುದೇ. ಗಂಡು ಕರಡಿ ಅನಾಥ ಮರಿಯನ್ನು ಪೋಷಿಸುವುದೆಂಬುದು ಅವನ ತಕ್ಕಡಿಯಲ್ಲಿ ಖಂಡಿತವಾಗಿ ನಿಲ್ಲಲಾರದು. ಆದರೂ ಗ್ರಿಜ್ಲಿಯನ್ನು ಕಂಡಲ್ಲಿ ಕೊಲ್ಲುವುದೇ ಪೌರುಷವೆನಿಸಿದ್ದ ಕಾಲದಲ್ಲಿ, ಕ್ಯಾಲಿಫೋರ್ನಿಯಾದವರು ತಮ್ಮ ಧ್ವಜದ ಮೇಲೆ ಕರಡಿಯನ್ನು ಚಿತ್ರಿಸಿಕೊಂಡು ನೆಲದ ಮೇಲಣ ಕಡೆಯ ಕರಡಿಯನ್ನು 1920ರ ದಶಕದಲ್ಲಿ ಮುಗಿಸುತ್ತಿದ್ದ ಕಾಲದಲ್ಲಿ, ಕರಡಿಗೂ ಒಂದು ಅಂತರಂಗವುಂಟೆಂದು ಓದುಗನಿಗೆ ತಿಳಿಸಲು ಕರ್‌ವುಡ್‌ನಂತಹವರು ಆರಿಸಿಕೊಂಡ ದಾರಿಯನ್ನು ಬರಿಯ ಸುಳ್ಳೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಚಿತ್ರದ ಕಾಲವನ್ನು 1885ಕ್ಕೆ ಇಟ್ಟುದರಲ್ಲಿಯೂ ಔಚಿತ್ಯವಿದೆ. ಕೆನಡಾ ದೇಶವನ್ನು ಅಡ್ಡಲಾಗಿ ಸೀಳಿದ ಪೆಸಿಫಿಕ್ ರೈಲುಮಾರ್ಗದ ಕಡೆಯ ಮೊಳೆಯನ್ನು ಬ್ರಿಟಿಷ್ ಕೊಲಂಬಿಯಾದ ಕ್ರೇಗೆಲಾಕಿಯಲ್ಲಿ ಹೊಡೆದುದು ಅದೇ ವರ್ಷದ ನವೆಂಬರ್ 7ರಂದು. ಅಲ್ಲಿಂದ ಮುಂದೆ ಆ ಪರ್ವತಗಳಿಗೆ ಕೋವಿ ಹಿಡಿದವರು ಬರುವ ದಾರಿ ಸುಗಮವಾಯಿತು. ಆ ಪ್ರಾಂತ್ಯದಲ್ಲಿ ಗ್ರಿಜ್ಲಿಯ ಮೋಜಿನ ಬೇಟೆ ನಿಷಿದ್ಧವಾದುದು 2017ರಲ್ಲಿ.

ಚಲನಚಿತ್ರ ಎಂಬ ಕಲೆ ಹುಟ್ಟಿದಾಗ, ಮೃಗಗಳ ಪಾಲಿಗೆ ಅದು ಬೀದಿಯಾಟಕ್ಕಿಂತ ಸೌಮ್ಯವಾಗಿಯೇನೂ ಹುಟ್ಟಲಿಲ್ಲ. 1936ರ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಚಿತ್ರದಲ್ಲಿ ಓಡುವ ಕುದುರೆಗಳ ಕಾಲಿಗೆ ತಂತಿ ಬಿಗಿದು ಕೆಡವಿದುದರಿಂದ ಹಲವು ಕುದುರೆಗಳು ಸತ್ತವು. 1939ರ ‘ಜೆಸ್ಸಿ ಜೇಮ್ಸ್’ ಚಿತ್ರಕ್ಕಾಗಿ ಕುದುರೆಯೊಂದನ್ನು ಎತ್ತರದ ಕಡಿಬಂಡೆಯಿಂದ ಕೆಳಗಿನ ನೀರಿಗೆ ದುಮುಕಿಸಿ ಕೊಂದರು. ಪ್ರೇಕ್ಷಕರು ಇದನ್ನರಿತು ಕೆರಳಿದ ಮೇಲೆ, 1940ರಿಂದ ಅಮೆರಿಕನ್ ಹ್ಯುಮೇನ್ ಸಂಸ್ಥೆಯ ಪ್ರತಿನಿಧಿಗಳು ಚಿತ್ರೀಕರಣದ ಸ್ಥಳಗಳಲ್ಲಿ ನಿಂತು ನೋಡುವ ಪದ್ಧತಿ ಹಾಲಿವುಡ್ಡಿನಲ್ಲಿ ಪ್ರಾರಂಭವಾಯಿತು. ಬ್ರಿಟನ್ನಿನಲ್ಲಿ ಅದಕ್ಕೂ ಮೊದಲೇ, 1937ರಲ್ಲಿ, ಪ್ರಾಣಿಗಳಿಗೆ ಹಿಂಸೆ ಕೊಟ್ಟು ತೆಗೆದ ದೃಶ್ಯಗಳ ಪ್ರದರ್ಶನವನ್ನೇ ನಿಷೇಧಿಸುವ ಶಾಸನ ಬಂದಿದ್ದಿತು. ಆದರೆ ಶಾಸನವೂ ಕಾವಲೂ ಎಲ್ಲ ಕಡೆಯೂ ಮುಟ್ಟಲಿಲ್ಲ. ಡಿಸ್ನಿ ಸಂಸ್ಥೆಯ 1958ರ ‘ವೈಟ್ ವೈಲ್ಡರ್‌ನೆಸ್’ ಎಂಬ ಸಾಕ್ಷ್ಯಚಿತ್ರ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು; ಲೆಮ್ಮಿಂಗ್ ಎಂಬ ಪುಟ್ಟ ಇಲಿಜಾತಿಯ ಪ್ರಾಣಿಗಳು ತಾವಾಗಿಯೇ ನೀರಿಗೆ ಹಾರಿ ಸಾಯುತ್ತವೆಂದು ಅದರಲ್ಲಿ ಕಂಡು ಜಗತ್ತು ಬೆರಗಾಯಿತು. ಆ ಬಡಪ್ರಾಣಿಗಳನ್ನು ಆಲ್ಬರ್ಟಾ ಪ್ರಾಂತ್ಯಕ್ಕೆ ಹೊತ್ತು ತಂದು, ಚಿತ್ರತಂಡದವರೇ ದಡದಿಂದ ಕೆಳಕ್ಕೆ ತಳ್ಳಿದ್ದರೆಂಬ ಸಂಗತಿಯನ್ನು 1982ರಲ್ಲಿ ಕೆನಡಾದ ದೂರದರ್ಶನವು ಬಯಲಿಗೆಳೆಯಿತು. ಕಥಾಚಿತ್ರದ ಮೃಗವನ್ನು ನಾವು ನಂಬುವುದು ಒಪ್ಪಂದದ ಮೇಲೆ. ಸಾಕ್ಷ್ಯಚಿತ್ರದ ಮೃಗವನ್ನು ನಂಬುವುದು ವಿಶ್ವಾಸದ ಮೇಲೆ. ಎರಡನೆಯದನ್ನು ಮುರಿದ ಪಾಪ ಹೆಚ್ಚಿನದೆಂದು ನನ್ನ ನಿಶ್ಚಿತವಾದ ಅಭಿಪ್ರಾಯ.

ಈ ಚರಿತ್ರೆಯಲ್ಲಿ ನಮ್ಮ ಮೈಸೂರು ಸೀಮೆಗೂ ಒಂದು ಸ್ಥಾನವುಂಟು. ರಾಬರ್ಟ್ ಫ್ಲಾಹರ್ಟಿ ಎಂಬ ಪ್ರಸಿದ್ಧ ಸಾಕ್ಷ್ಯಚಿತ್ರಕಾರನು 1935ರಲ್ಲಿ, ಕಿಪ್ಲಿಂಗನ ಆನೆಗಳ ಕಥೆಯೊಂದನ್ನು ಚಿತ್ರಿಸಲೆಂದು ಮೈಸೂರಿಗೆ ಬಂದು ಬೀಡುಬಿಟ್ಟನು. ಅವನಿಗೆ ನಾಯಕನಾಗಿ ಸಿಕ್ಕಿದವನು ಕಾರಾಪುರದವನಾದ, ಮಹಾರಾಜರ ಆನೆಲಾಯದ ಮಾವುತನೊಬ್ಬನ ತಬ್ಬಲಿ ಮಗ, ಸಾಬು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕಾಗಿ ಪ್ರಶಸ್ತಿ ಪಡೆಯಿತು, ಸಾಬು ಲೋಕವಿಖ್ಯಾತನಾದನು. ಆ ಚಿತ್ರದ ಆನೆಗಳು ತೆರೆಗಾಗಿ ಪಳಗಿದವುಗಳಲ್ಲ. ಅವುಗಳ ಹಿಂದೆ ಕಾಡಾನೆಗಳನ್ನು ಹಿಡಿದು ಪಳಗಿಸುವ ಮೈಸೂರಿನ ಖೆಡ್ಡಾದ ಪರಂಪರೆಯಿದ್ದಿತು. ಸ್ಯಾಂಡರ್‌ಸನ್ ಎಂಬ ಅಧಿಕಾರಿ 1870ರ ದಶಕದಲ್ಲಿ ಚಾಮರಾಜನಗರದ ಕಡೆ ಆರಂಭಿಸಿದ ಖೆಡ್ಡಾ, ಕಾಕನಕೋಟೆಯಲ್ಲಿ ರಾಜವೈಭವದ ಉತ್ಸವವಾಗಿ ಬೆಳೆದು, 1971ರಲ್ಲಿ ಕಡೆಯ ಬಾರಿ ನಡೆಯಿತು. ಹೊಳೆ ದಾಟಿಸಿ ಬೇಲಿಗೆ ಕೂಡಿದ ಕಾಡಾನೆಯನ್ನು ಎರಡು ಪಳಗಿದ ಕುಮ್ಕಿ ಆನೆಗಳ ನಡುವೆ ಒತ್ತಿಹಿಡಿದು, ಹಗ್ಗದಿಂದ ಬಿಗಿದು, ಮರದ ದಿಮ್ಮಿಗಳ ದೊಡ್ಡಿಗೆ ತಳ್ಳಿದ ಮೇಲೆ, ಮಾವುತನೂ ಕಾವಾಡಿಯೂ ಹಗಲಿರುಳು ಅದರ ಬಳಿ ಕುಳಿತು, ಕಬ್ಬು ಬೆಲ್ಲ ರಾಗಿಮುದ್ದೆಗಳನ್ನು ಕೈಯಾರೆ ತಿನ್ನಿಸುತ್ತ, ಹಾಡುತ್ತ, ಸವರುತ್ತ, ಅದರ ರೋಷವನ್ನು ಕರಗಿಸುತ್ತಿದ್ದರು. ಆ ಹಾಡು ಎಷ್ಟು ನಿಜವೋ ಹಗ್ಗದ ಗಾಯವೂ ಅಷ್ಟೇ ನಿಜ. ಸಾಬು ಆನೆಯ ಸೊಂಡಿಲಿಗೆ ಆತು ನಿಂತ ದೃಶ್ಯವನ್ನು ಕಂಡು ಲಂಡನ್ನಿನ ಮಕ್ಕಳು ಹರ್ಷಿಸಿದಾಗ, ಆ ಹರ್ಷಕ್ಕೆ ಕಾರಾಪುರದ ಹೆಸರಿಲ್ಲದ ಎಷ್ಟೋ ಮಾವುತರ ನಿದ್ದೆಗೆಟ್ಟ ಇರುಳುಗಳು ಕಾರಣವಾಗಿದ್ದವು.

ಎರಡನೆಯ ಮಹಾಯುದ್ಧದ ಅನಂತರ ಅಮೆರಿಕೆಯಲ್ಲಿ ರಾಲ್ಫ್ ಹೆಲ್ಫರ್ ಮೊದಲಾದ ಪಳಗಿಸುವವರು ಚಾಟಿಯನ್ನೂ ಕುರ್ಚಿಯನ್ನೂ ಬಿಟ್ಟು, ಮೃಗದ ಜೊತೆಗೆ ದೀರ್ಘಕಾಲ ಬಾಳುವುದರಿಂದಲೇ ಅದರ ವಿಶ್ವಾಸವನ್ನು ಗಳಿಸಬೇಕೆಂಬ ಮಾರ್ಗವನ್ನು ಚಿತ್ರರಂಗಕ್ಕೆ ತಂದರು. 1966ರ ‘ಬಾರ್ನ್ ಫ್ರೀ’ ಚಿತ್ರಕ್ಕಾಗಿ ಕೀನ್ಯಾದಲ್ಲಿ ಜಾರ್ಜ್ ಆಡಮ್‌ಸನ್ ಸಿಂಹಗಳನ್ನು ನೋಡಿಕೊಂಡನು. ಚಿತ್ರ ಮುಗಿದ ಮೇಲೆ ಅವುಗಳಲ್ಲಿ ಕೆಲವನ್ನು ಮೇರು ಅರಣ್ಯಕ್ಕೆ ಕೊಂಡೊಯ್ದು ಕಾಡಿನ ಬಾಳಿಗೆ ಮರಳಿಸಲು ಶ್ರಮಿಸಿದನು. ವಿಶ್ವಾಸವೊಂದೇ ಸಾಲದು, ಶಿಕ್ಷಣವೂ ಬೇಕು ಎಂಬುದಕ್ಕೆ 1981ರ ‘ರೋರ್’ ಚಿತ್ರ ದೃಷ್ಟಾಂತ: ಶಿಕ್ಷಣವಿಲ್ಲದ ಸಿಂಹ ಹುಲಿಗಳ ದೊಡ್ಡ ಹಿಂಡಿನ ನಡುವೆ ಒಂದು ಕುಟುಂಬವೇ ವಾಸಮಾಡಿ ತೆಗೆದ ಆ ಚಿತ್ರದಲ್ಲಿ 70ಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಇಷ್ಟೆಲ್ಲ ಕಲಿತ ಕಸುಬಿನ ಉತ್ತರಾಧಿಕಾರಿಯಾಗಿ ಆನೋವಿನ ಬಳಿಗೆ ಬಂದವನು ಯೂಟಾ ಸಂಸ್ಥಾನದ ಹೀಬರ್ ಪಟ್ಟಣದ ಡಗ್ ಸೂಸ್. ಅವನೂ ಅವನ ಹೆಂಡತಿ ಲಿನ್ನಳೂ ಸೇರಿ ಸಾಕಿದ ‘ಬಾರ್ಟ್’ ಅಲಾಸ್ಕದ ಕೋಡಿಯಾಕ್ ದ್ವೀಪಗಳ ಜಾತಿಯ ಕರಡಿ. ಆದರೆ ಅದು ಹುಟ್ಟಿದುದು ಕಾಡಿನಲ್ಲಲ್ಲ, 1977ರಲ್ಲಿ ಬಾಲ್ಟಿಮೋರಿನ ಮೃಗಾಲಯದಲ್ಲಿ. ತಾಯಿಯನ್ನು ಕೊಂದು ತಂದ ಮರಿಯಲ್ಲ ಎಂಬುದು ಎರ್ಸೆಯ ದಿನಗಳಿಂದ ಈ ಕಸುಬು ಎಷ್ಟು ದೂರ ನಡೆದು ಬಂದಿತೆಂಬುದಕ್ಕೆ ಗುರುತು. ಬಾಟಲಿಯ ಹಾಲು ಕುಡಿದು ಬೆಳೆದ ಆ ಮರಿ, ಹಿಂಗಾಲ ಮೇಲೆ ನಿಂತರೆ ಒಂಬತ್ತಡಿಗೂ ಮೀರುವ, ಸುಮಾರು 680 ಕಿಲೋ ತೂಗುವ ದೈತ್ಯನಾಯಿತು. ಸೂಸ್ ಅದರೊಡನೆ ಕುಸ್ತಿಯಾಡುತ್ತಿದ್ದನು, ನೀರಿಗಿಳಿಯುತ್ತಿದ್ದನು. ಮೆಚ್ಚುಗೆಯ ದನಿ, ಬಾಯಿಗೊಂದು ತಿನಿಸು, ನಿಲ್ಲಬೇಕಾದ ಸ್ಥಳದ ಗುರುತು, ಇವುಗಳಿಂದಲೇ ಅದು ಕುಂಟುವುದನ್ನೂ, ಗರ್ಜಿಸುವಂತೆ ಬಾಯಿ ತೆರೆಯುವುದನ್ನೂ, ಬಿದ್ದು ಹೊರಳುವುದನ್ನೂ ಕಲಿಯಿತು.

1987ರ ಬೇಸಗೆಯಲ್ಲಿ ಇಟಲಿ ಮತ್ತು ಆಸ್ಟ್ರಿಯಾಗಳ ಡಾಲೊಮೈಟ್ ಪರ್ವತಗಳಲ್ಲಿ ಚಿತ್ರೀಕರಣ ನಡೆಯಿತು. ಕೆನಡಾದ ಕಾಡೆಂದು ತೋರಿಸಬೇಕಾದ ಆ ಕಣಿವೆಗಳಿಗೆ ಕರಡಿಯನ್ನು ಅಮೆರಿಕೆಯಿಂದ ಹೊತ್ತು ತರಬೇಕಾಯಿತು. ಒಂದು ಕಾಲದಲ್ಲಿ ಆಲ್ಪ್ಸ್ ಶ್ರೇಣಿಯ ಉದ್ದಕ್ಕೂ ತಿರುಗುತ್ತಿದ್ದ ಅಲ್ಲಿಯ ಸ್ವಂತ ಕಂದು ಕರಡಿಗಳು ಆ ಹೊತ್ತಿಗೆ ಅಳಿದು, ಟ್ರೆಂಟೀನೋ ಪ್ರಾಂತದ ಪಶ್ಚಿಮದ ಮೂಲೆಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದವು; 1999ರಿಂದ 2002ರ ವರೆಗೆ ಸ್ಲೊವೇನಿಯಾದಿಂದ 10 ಕರಡಿಗಳನ್ನು ತಂದು ಅಲ್ಲಿ ಬಿಟ್ಟ ಮೇಲೆಯೇ ಆ ಕುಲ ಚೇತರಿಸಿಕೊಂಡಿತು. ಕರಡಿಯ ಕುರಿತಾದ ಮಹಾಚಿತ್ರವೊಂದು ಕರಡಿಗಳು ಬಹುಮಟ್ಟಿಗೆ ಅಳಿದ ಪರ್ವತಸೀಮೆಯಲ್ಲಿ ತಯಾರಾಯಿತೆಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕೆಲಸ ಹೇಗೆ ನಡೆಯಿತೆಂಬುದನ್ನು ನೋಡಿ. ಮರಿ ಕರಡಿ ಬೇಗ ಬೆಳೆದುಬಿಡುವ ಪ್ರಾಣಿ. ತಿಂಗಳುಗಟ್ಟಲೆ ನಡೆಯುವ ಚಿತ್ರೀಕರಣಕ್ಕೆ ಒಂದೇ ಮರಿ ಸಾಲದೆ, ಒಂದಕ್ಕಿಂತ ಹೆಚ್ಚು ಮರಿಗಳು ಒಂದೇ ಪಾತ್ರವನ್ನು ಹಂಚಿಕೊಂಡವು. ಕರಡಿಗೂ ಕೆಲಸಗಾರರಿಗೂ ನಡುವೆ ಕಣ್ಣಿಗೆ ಬೀಳದಂತಹ ವಿದ್ಯುತ್ತಿನ ಸಣ್ಣ ತಂತಿಯನ್ನು ಎಳೆದಿದ್ದರು. ಜೀವಂತ ಪ್ರಾಣಿಯಿಂದ ಆಗದ, ಆಗಬಾರದ ಕೆಲವು ದೃಶ್ಯಗಳಿಗೆ ಜಿಮ್ ಹೆನ್ಸನ್ನನ ಕಾರ್ಯಾಗಾರದಲ್ಲಿ ತಯಾರಾದ ಯಾಂತ್ರಿಕ ಕರಡಿಗಳು ಬಂದವು. ಮರಿ ನಿದ್ದೆಯಲ್ಲಿ ಕಾಣುವ ಕನಸುಗಳನ್ನು ಚೆಕ್ ಕಲಾವಿದ ಬ್ರ್ಯೆತಿಸ್ಲಾವ್ ಪೊಯಾರ್ ಬೊಂಬೆಗಳಿಂದ ರಚಿಸಿದನು. ಇಷ್ಟು ಎಚ್ಚರವಿದ್ದರೂ, ಛಾಯಾಚಿತ್ರಕ್ಕೆಂದು ಬಾರ್ಟ್‌ನ ಜೊತೆ ನಿಂತ ಸಂದರ್ಭದಲ್ಲಿ ಆನೋ ಅದರ ಉಗುರಿನ ಪೆಟ್ಟು ತಿಂದು ಗಾಯಗೊಂಡನು. ಹತ್ತು ವರ್ಷ ಮನುಷ್ಯರ ಕೈಯಲ್ಲಿ ಉಂಡು ಬೆಳೆದ ಮೇಲೆಯೂ ಅದು ಕರಡಿಯೇ ಆಗಿದ್ದಿತು.

ಮರಿಯನ್ನು ಚಿರತೆಯ ಬಳಗದ ಪ್ಯೂಮಾ ಎಂಬ ಮೃಗವು ಅಟ್ಟಿಸಿಕೊಂಡು ಬರುವ ದೃಶ್ಯ ಈ ಚಿತ್ರದ ಕಿರೀಟ. ಓಡಿ ಓಡಿ, ಹೊಳೆಯ ಬಳಿ ದಾರಿ ಕಾಣದೆ ನಿಂತ ಮರಿ ಕಡೆಗೆ ತಿರುಗಿ, ಮೂತಿಯ ಮೇಲೆ ರಕ್ತ ಇಳಿಯುತ್ತಿರಲು, ಹಿರಿಯ ಕರಡಿಯಂತೆ ಹಿಂಗಾಲ ಮೇಲೆದ್ದು ಗರ್ಜಿಸಲು ಯತ್ನಿಸುತ್ತದೆ. ಹೊರಡುವುದು ಒಂದು ಕೀರಲು ಧ್ವನಿ. ಪ್ಯೂಮಾ ಹಿಂದೆ ಸರಿಯುತ್ತದೆ. ಮರಿಗಾದ ಆಶ್ಚರ್ಯವೇ ನಮಗೂ ಆಗಿರುವಾಗ ಕ್ಯಾಮೆರಾ ಮೆಲ್ಲನೆ ತೋರಿಸುವುದೇನೆಂದರೆ, ಅದರ ಬೆನ್ನ ಹಿಂದೆ ಬೆಟ್ಟದಂತೆ ಎದ್ದು ನಿಂತಿರುವ ಆ ಮಹಾಕರಡಿ. ಇದರಲ್ಲಿ ಸಂಕಲನಕಾರ್ತಿ ನೋಎಲ್ ಬ್ವಾಸೋಂ ಅವರ ಕೌಶಲವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬೇಟೆಯಾಡುವ ಪ್ಯೂಮಾವನ್ನೂ ಮರಿಯನ್ನೂ ಬಾರ್ಟನ್ನೂ ಒಂದೇ ಹೊಳೆಯ ದಂಡೆಯಲ್ಲಿ ಬಿಟ್ಟು ನಡೆಯುವುದನ್ನು ನಡೆಯಗೊಡುವುದು ಯಾರಿಂದಲೂ ಸಾಧ್ಯವಿಲ್ಲ. ಇಂತಹ ದೃಶ್ಯ ತುಣುಕು ತುಣುಕಾಗಿ ಹುಟ್ಟಿ ಸಂಕಲನದ ಮೇಜಿನ ಮೇಲೆ ಒಂದಾಗುತ್ತದೆ. ರಷ್ಯಾದ ಕುಲೆಶೊವ್ ಎಂಬ ನಿರ್ದೇಶಕನು 1920ರ ಸುಮಾರಿಗೆ ಒಬ್ಬ ನಟನ ನಿರ್ವಿಕಾರವಾದ ಮುಖವನ್ನು ಬೇರೆ ಬೇರೆ ವಸ್ತುಗಳ ಪಕ್ಕದಲ್ಲಿಟ್ಟು ತೋರಿಸಿ, ನೋಡುವವನು ಆ ಮುಖದಲ್ಲಿ ಹಸಿವನ್ನೂ ದುಃಖವನ್ನೂ ತಾನೇ ತುಂಬಿಕೊಳ್ಳುವನೆಂದು ರುಜುವಾತುಪಡಿಸಿದ್ದನು. ಭಾವವನ್ನು ಹೊರಗೆಡಹದ ಕರಡಿಯ ಮುಖ ಈ ಪ್ರಯೋಗಕ್ಕೆ ಹೇಳಿ ಮಾಡಿಸಿದಂತಹುದು. ಬಾರ್ಟ್ ನೋಡಿದುದು ಡಗ್ ಸೂಸನ ಕೈಯಲ್ಲಿದ್ದ ತಿನಿಸನ್ನು. ನಾವು ಕಂಡುದು ಮರಿಯ ಮೇಲಣ ಮಮತೆಯನ್ನು.

ಹಾಗಾದರೆ ನಾವು ಮೋಸಹೋದೆವೇ? ನನ್ನ ಮಟ್ಟಿಗೆ ಹಾಗೆನಿಸುವುದಿಲ್ಲ. ಆ ನೋಟದಲ್ಲಿ ಭಯವಿರಲಿಲ್ಲ. ಕೈಯಲ್ಲಿ ತಿನಿಸು ಹಿಡಿದವನ ಮೇಲೆ ಹತ್ತು ವರ್ಷಗಳ ವಿಶ್ವಾಸವಿದ್ದಿತು. ಕರಡಿಗೂ ಮರಿಗೂ ನಡುವೆ ಇಲ್ಲದ ಸ್ನೇಹವನ್ನು ಕರಡಿಗೂ ಮನುಷ್ಯನಿಗೂ ನಡುವೆ ಇದ್ದ ಸ್ನೇಹದಿಂದ ಎರವಲು ತಂದು ತೆರೆಯ ಮೇಲೆ ನೇಯ್ದರು. ಮೂಗುದಾರದ ನೋವನ್ನು ಕುಣಿತವೆಂದು ತೋರಿಸಿದ ಬೀದಿಯಾಟಕ್ಕೂ ಇದಕ್ಕೂ ಇರುವ ಅಂತರ ಅಲ್ಪವಾದುದಲ್ಲ. 1989ರಲ್ಲಿ ಫ್ರಾನ್ಸಿನ ಸೆಜಾರ್ ಪ್ರಶಸ್ತಿಗಳನ್ನು ಹಂಚಿದಾಗ ನಿರ್ದೇಶನಕ್ಕಾಗಿ ಆನೋವಿಗೂ ಸಂಕಲನಕ್ಕಾಗಿ ಬ್ವಾಸೋಂ ಅವರಿಗೂ ಮನ್ನಣೆ ದೊರೆಯಿತು.

ಆನೋ ಮುಂದೆ 2004ರಲ್ಲಿ ಕಾಂಬೋಡಿಯಾದಲ್ಲಿ ಅಗಲಿ ಮತ್ತೆ ಕೂಡುವ ಎರಡು ಹುಲಿಗಳ ಕಥೆಯನ್ನೂ, 2015ರಲ್ಲಿ ಚೀನದ ಒಳ ಮಂಗೋಲಿಯಾದ ಹುಲ್ಲುಗಾವಲಿನ ತೋಳಗಳ ಕಥೆಯನ್ನೂ ಚಿತ್ರಿಸಿದನು. ತೋಳಗಳನ್ನಂತೂ ಎಳೆಯ ಮರಿಗಳಿಂದಲೇ ಸಾಕಿ, ಅವು ಬೆಳೆಯುವವರೆಗೆ ವರ್ಷಗಟ್ಟಲೆ ಕಾದು ಕೆಲಸಕ್ಕಿಳಿದನು. ಆದರೆ ಕಸುಬು ಅಸ್ತಮಾನದ ಕಡೆಗೆ ಸಾಗಿದ್ದಿತು. ಭಾರತ ಸರ್ಕಾರವು 1998ರಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕಾಗಿ ಪಳಗಿಸುವುದನ್ನೇ ನಿಷೇಧಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹೊರದೇಶಗಳಲ್ಲಿಯೂ ಗಣಕಯಂತ್ರವು ಬಿಡಿಸಿದ ಮೃಗಗಳು ನಿಜವಾದ ಮೃಗಗಳ ಸ್ಥಾನವನ್ನು ಆಕ್ರಮಿಸಿಕೊಳ್ಳುತ್ತ ಬಂದಿವೆ. ಇದರಿಂದ ಎಷ್ಟೋ ಪ್ರಾಣಿಗಳು ಬಂಧನದಿಂದ ಪಾರಾದವು. ಅದು ನಿಸ್ಸಂದೇಹವಾಗಿ ಒಳಿತು. ಆದರೆ ಗಣಕಯಂತ್ರದ ಕರಡಿಗೆ ಉಗುರಿಲ್ಲ, ಹಸಿವಿಲ್ಲ, ಅದನ್ನು ಒಲಿಸಿಕೊಳ್ಳಲು ಯಾರೂ ಹತ್ತು ವರ್ಷ ಕಾಯಬೇಕಾಗಿಲ್ಲ. ಮುಂದಿನ ಮಕ್ಕಳು ತೆರೆಯ ಮೇಲೆ ಕಾಣುವ ಕರಡಿಯಲ್ಲಿ ಕರಡಿಯ ಅಂಶ ಎಷ್ಟಿದ್ದೀತೆಂಬ ಚಿಂತೆ ನನ್ನನ್ನು ಬಿಟ್ಟುದಿಲ್ಲ.

ಬಾರ್ಟ್ ಆ ಮೇಲೆ ಹಲವು ಚಿತ್ರಗಳಲ್ಲಿ, ಹೆಚ್ಚಾಗಿ ಮನುಷ್ಯನ ಮೇಲೆ ಎರಗುವ ಘೋರಮೃಗವಾಗಿ, ನಟಿಸಿ, 1998ರಲ್ಲಿ ಆಸ್ಕರ್ ಸಮಾರಂಭದ ವೇದಿಕೆಯನ್ನೂ ಏರಿ, 2000ದ ಮೇ ತಿಂಗಳಿನಲ್ಲಿ ಅರ್ಬುದರೋಗದಿಂದ ಕಾಲವಾಯಿತು. ಅದು ಬದುಕಿದ್ದಾಗಲೇ, 1990ರಲ್ಲಿ, ಸೂಸ್ ದಂಪತಿಗಳು ಅದರ ಹೆಸರಿನ ಕೀರ್ತಿಯನ್ನು ಆಧಾರವಾಗಿಟ್ಟುಕೊಂಡು ‘ವೈಟಲ್ ಗ್ರೌಂಡ್’ ಎಂಬ ಸಂಸ್ಥೆಯನ್ನು ಕಟ್ಟಿದ್ದರು. ಒಂದು ಅರಣ್ಯದಿಂದ ಇನ್ನೊಂದು ಅರಣ್ಯಕ್ಕೆ ಗ್ರಿಜ್ಲಿಗಳು ದಾಟುವ ದಾರಿಯಲ್ಲಿ ಖಾಸಗಿಯವರ ವಶದಲ್ಲಿರುವ ಜಮೀನುಗಳನ್ನು ಕ್ರಯಕ್ಕೆ ಕೊಂಡು, ಅಥವಾ ಒಡೆಯರೊಡನೆ ಕರಾರು ಮಾಡಿಕೊಂಡು, ಅವುಗಳಲ್ಲಿ ಮನೆ ಏಳದಂತೆ, ಬೇಲಿ ಬೀಳದಂತೆ ಉಳಿಸುವುದು ಆ ಸಂಸ್ಥೆಯ ಕೆಲಸ. ಮಂಟಾನಾ ಸಂಸ್ಥಾನದ ಮಿಸೂಲಾ ನಗರದಲ್ಲಿ ಅದರ ಕಚೇರಿ ಇಂದಿಗೂ ನಡೆಯುತ್ತಿದೆ. ಅದು ಕೊಂಡ ನೆಲದ ಮೇಲೆ, ಎಂದೂ ಕ್ಯಾಮೆರಾದ ಮುಂದೆ ನಿಲ್ಲದ ಕರಡಿಗಳು ತಮ್ಮ ಮರಿಗಳನ್ನು ಕರೆದುಕೊಂಡು, ಗಂಡು ಕರಡಿಗಳಿಂದ ದೂರವಾಗಿ, ಓಡಾಡುತ್ತಿವೆ.